ಆಪ್ತವಾಕ್ಯವೂ ಅಂತರಜಾಲವೂ

ಮನುಷ್ಯನು ತಾನು ಬಲ್ಲೆನೆಂದುಕೊಳ್ಳುವ ಸಂಗತಿಗಳಲ್ಲಿ ಸ್ವಂತ ಕಣ್ಣಿನಿಂದ ಕಂಡವು ಅತ್ಯಲ್ಪ. ಇತರರಿಂದ ಕೇಳಿದವೇ ಬಹಳ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂಬುದನ್ನಾಗಲಿ, ವೀರಬಲ್ಲಾಳನೆಂಬ ಹೊಯ್ಸಳ ದೊರೆ ಇದ್ದನೆಂಬುದನ್ನಾಗಲಿ ನಮ್ಮಲ್ಲಿ ಯಾರೂ ಕಂಡು ತಿಳಿದವರಲ್ಲ. ಬಲ್ಲವರು ಹೇಳಿದರು, ನಾವು ನಂಬಿದೆವು. ಇದರಲ್ಲಿ ನಾಚಬೇಕಾದುದೇನೂ ಇಲ್ಲ. ನಂಬಿಕೆಯಿಲ್ಲದೆ ವಿದ್ಯೆಯೇ ಇಲ್ಲ. ಆದರೆ ಯಾರನ್ನು ನಂಬಬೇಕು, ಏಕೆ ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿವೇಚನೆ ತಾನಾಗಿ ಹುಟ್ಟತಕ್ಕದ್ದಲ್ಲ, ಅದನ್ನು ಕಲಿಸಬೇಕಾಗುತ್ತದೆ. ನಮ್ಮ ಶಾಲೆಗಳಲ್ಲಿ ಇಂದು ಕಲಿಸದೆ ಉಳಿದಿರುವ ಮುಖ್ಯ ಪಾಠ ಯಾವುದೆಂದು ಯಾರಾದರೂ ಕೇಳಿದರೆ, ಇದೇ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಒಂದು ಕಾಲದಲ್ಲಿ ಈ ಪಾಠದ ಅಗತ್ಯವು ಇಷ್ಟಾಗಿ ಕಾಣುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ದೊರೆಯುತ್ತಿದ್ದುದು ಪಠ್ಯಪುಸ್ತಕ, ಉಪಾಧ್ಯಾಯರ ಮಾತು, ಅದೃಷ್ಟವಿದ್ದರೆ ಊರಿನ ಗ್ರಂಥಾಲಯದ ನಾಲ್ಕು ಪುಸ್ತಕ. ಇವುಗಳಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ, ಆದರೆ ಹುಡುಗನ ಕೈಗೆ ಬರುವ ಮೊದಲು ಯಾರೋ ಒಬ್ಬರು ಮೊರದಲ್ಲಿ ಹಾಕಿ ಕೇರಿರುತ್ತಿದ್ದರು. ಇಂದು ಕೇರುವವರು ಇಲ್ಲ. ಕಾಳೂ ಜೊಳ್ಳೂ ಒಂದೇ ರಾಶಿಯಾಗಿ ಮನೆಯ ಮೊಬೈಲಿಗೆ ಬಂದು ಬೀಳುತ್ತಿವೆ. ಮೊರವನ್ನು ಈಗ ಮಗುವಿನ ಕೈಗೇ ಕೊಡಬೇಕಾದ ಕಾಲ ಬಂದಿದೆ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ಪ್ರಾಜೆಕ್ಟು ಬರೆದು ತರಲು ಹೇಳಿದಾಗ ನಡೆಯುವುದೇನೆಂಬುದು ಪೋಷಕರಿಗೆಲ್ಲ ತಿಳಿದೇ ಇದೆ. ‘ನಮ್ಮ ಜಿಲ್ಲೆಯ ಐತಿಹಾಸಿಕ ಸ್ಥಳಗಳು’ ಎಂದು ವಿಷಯ ಬರೆದ ಚೀಟಿ ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. ಅಂಗಡಿಯಾತ ಅದನ್ನು ಗೂಗಲಿನಲ್ಲಿ ಹುಡುಕಿ, ಮೊದಲು ಕಂಡ ಪುಟವನ್ನು ಬಣ್ಣದ ಚಿತ್ರಗಳೊಡನೆ ಅಚ್ಚುಹಾಕಿ ಕೊಡುತ್ತಾನೆ. ಹುಡುಗಿ ಅದನ್ನು ದುಂಡಾದ ಅಕ್ಷರದಲ್ಲಿ ನಕಲು ಮಾಡುತ್ತಾಳೆ. ಉಪಾಧ್ಯಾಯರು ಅಕ್ಷರ ನೋಡಿ ಅಂಕ ಕೊಡುತ್ತಾರೆ. ಈ ವ್ಯವಹಾರದಲ್ಲಿ ಅಂಗಡಿಯವನಿಗೆ ಹಣವೂ ಹುಡುಗಿಗೆ ಅಂಕವೂ ಸಿಕ್ಕಿದವು. ವಿದ್ಯೆ ಮಾತ್ರ ಯಾರಿಗೂ ಸಿಗಲಿಲ್ಲ. ‘ಇದನ್ನು ಯಾರು ಬರೆದರು?’ ಎಂಬ ಪ್ರಶ್ನೆಯನ್ನು ಅಂಗಡಿಯವನೂ ಕೇಳಲಿಲ್ಲ, ಮಗುವೂ ಕೇಳಲಿಲ್ಲ, ಗುರುಗಳೂ ಕೇಳಲಿಲ್ಲ. ಅದೇ ಮಗು ಆರೇಳು ವರ್ಷಗಳ ಮೇಲೆ ನಮ್ಮ ಕಾಲೇಜಿನ ಬೆಂಚಿನ ಮೇಲೆ ಬಂದು ಕುಳಿತಾಗ ‘ಆಕರ ಯಾವುದು?’ ಎಂದರೆ ‘ಗೂಗಲ್, ಸಾರ್’ ಎನ್ನುತ್ತದೆ. ಗೂಗಲು ಸಂತೆಗೆ ದಾರಿ ತೋರಿಸುವ ಕೈಮರ. ಸಂತೆಯ ಸರಕಿಗೆ ಅದು ಜಾಮೀನಲ್ಲ.

ಈ ಸಂಕಟಕ್ಕೆ ನಮ್ಮವರು ಕಂಡುಕೊಂಡಿರುವ ಪರಿಹಾರಗಳು ಎರಡು. ಮೊಬೈಲನ್ನು ಮುಟ್ಟಕೂಡದೆಂದು ನಿಷೇಧಿಸುವುದು ಒಂದು. ಎಲ್ಲವೂ ಅದರಲ್ಲೇ ಇದೆ, ನೋಡಿಕೊಳ್ಳಿ ಎಂದು ಕೈತೊಳೆದುಕೊಳ್ಳುವುದು ಇನ್ನೊಂದು. ಮೊದಲನೆಯದು ನೀರಿಗಿಳಿಯದೆ ಈಜು ಕಲಿ ಎಂದಂತೆ; ಎರಡನೆಯದು ಈಜು ಬಾರದವನನ್ನು ಭದ್ರಾ ನಾಲೆಗೆ ನೂಕಿದಂತೆ.

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ಹೊಸ ಶಾಸ್ತ್ರವನ್ನು ಹೊರನಾಡುಗಳಿಂದ ತರಿಸಬೇಕಾಗಿಲ್ಲ. ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದ ನಮ್ಮ ನೈಯಾಯಿಕರು ಎಲ್ಲ ಮಾತನ್ನೂ ಪ್ರಮಾಣವೆನ್ನಲಿಲ್ಲ. ಆಪ್ತನ ಮಾತು ಮಾತ್ರ ಪ್ರಮಾಣವೆಂದರು. ಆಪ್ತನೆಂದರೆ ಬೇಕಾದವನೆಂದು ಅರ್ಥವಲ್ಲ. ವಿಷಯವನ್ನು ಯಥಾರ್ಥವಾಗಿ ಅರಿತವನು, ಅರಿತುದನ್ನು ಅರಿತಂತೆಯೇ ಹೇಳುವವನು. ಇದರಿಂದ ಹುಟ್ಟುವ ಪ್ರಶ್ನೆಗಳು ಎರಡೇ: ಹೇಳುವವನಿಗೆ ಗೊತ್ತಿರಲು ಸಾಧ್ಯವೇ? ಗೊತ್ತಿದ್ದುದನ್ನು ತಿರುಚದೆ ಹೇಳುವುದರಲ್ಲಿ ಅವನಿಗೆ ಅಡ್ಡಿಯಾದ ಲಾಭವೇನಾದರೂ ಇದೆಯೇ? ಏಳನೆಯ ತರಗತಿಯ ಮಗುವಿಗೆ ಇವೆರಡನ್ನು ತಿಳಿಯಹೇಳಲು ಕಷ್ಟವಿಲ್ಲ. ಎಮ್ಮೆ ಮಾರುವವನು ತನ್ನ ಎಮ್ಮೆಯ ಹಾಲಿನ ವಿಷಯ ಹೇಳಿದರೆ ಎಷ್ಟು ನಂಬಬೇಕೆಂಬುದು ಹಳ್ಳಿಯ ಮಗುವಿಗೆ ಗೊತ್ತು. ಅದೇ ವಿವೇಕವನ್ನು ಜಾಲತಾಣದ ಮುಂದೆಯೂ ಬಳಸಬೇಕೆಂಬುದನ್ನು ಮಾತ್ರ ನಾವು ಅದಕ್ಕೆ ಹೇಳಿಕೊಟ್ಟಿಲ್ಲ.

ಕನ್ನಡದ ಅಧ್ಯಾಪಕನಾಗಿ ನಾನು ಇನ್ನೊಂದು ಮಾತನ್ನು ಸೇರಿಸಬೇಕು. ಹಳೆಯ ಕಾವ್ಯವೊಂದರ ಓಲೆಯ ಪ್ರತಿಗಳು ಹತ್ತು ದೊರೆತರೆ ಗ್ರಂಥಸಂಪಾದಕನು ಹತ್ತು ಸಾಕ್ಷಿಗಳು ಸಿಕ್ಕಿದವೆಂದು ಹಿಗ್ಗುವುದಿಲ್ಲ. ಯಾವ ಪ್ರತಿ ಯಾವುದನ್ನು ನೋಡಿ ಬರೆದದ್ದೆಂದು ವಿಚಾರಿಸುತ್ತಾನೆ. ಒಂಬತ್ತು ಪ್ರತಿಗಳಲ್ಲಿ ಒಂದೇ ಎಡೆಯಲ್ಲಿ ಒಂದೇ ತಪ್ಪು ಕಂಡರೆ ಅವೆಲ್ಲ ಒಂದೇ ಮೂಲದಿಂದ ಇಳಿದವೆಂದು ಊಹಿಸುತ್ತಾನೆ. ಆಗ ಒಂಬತ್ತೂ ಸೇರಿ ಒಂದೇ ಸಾಕ್ಷಿ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ೧೯೬೪ರಲ್ಲಿ ಹೊರಬಂದಾಗ ಅಂತರಜಾಲದ ಕನಸೂ ಯಾರಿಗೂ ಇರಲಿಲ್ಲ. ಆದರೆ ಆ ಶಾಸ್ತ್ರದ ತಿರುಳು ಇಂದಿನ ಮಕ್ಕಳಿಗೇ ಹೆಚ್ಚು ಬೇಕಾಗಿದೆ. ಕನ್ನಡದ ಜಾಲಪುಟಗಳಲ್ಲಿ ಬಹುಪಾಲು ಒಂದನ್ನೊಂದು ನೋಡಿ ಬರೆದವು. ಒಂದು ಕಡೆ ಬಿದ್ದ ತಪ್ಪು ಇಸವಿ ಹತ್ತು ಕಡೆ ಹಾಗೆಯೇ ಮೂಡುತ್ತದೆ. ಮಗುವು ‘ಹತ್ತು ಕಡೆ ನೋಡಿದೆ, ಎಲ್ಲ ಕಡೆಯೂ ಹೀಗೆಯೇ ಇದೆ’ ಎಂದು ನಿಶ್ಚಿಂತವಾಗುತ್ತದೆ. ಇಂಗ್ಲಿಷಿನಲ್ಲಿ ಓದುವ ಮಗುವಿಗೆ ತಪ್ಪನ್ನು ತಿದ್ದುವ ಮತ್ತೊಂದು ಪುಟವು ಸಿಕ್ಕುವ ಸಂಭವವಾದರೂ ಇದೆ. ಕನ್ನಡದಲ್ಲಿ ಬರವಣಿಗೆಯೇ ವಿರಳವಾದ ಕಾರಣ ಆ ಸಂಭವವೂ ಕಡಿಮೆ. ನಮ್ಮ ಮಕ್ಕಳಿಗೆ ಈ ಪಾಠವು ಇತರರಿಗಿಂತ ಮೊದಲೇ ಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಈ ಪಾಠವನ್ನು ದೂರದ ವಿಷಯಗಳಿಂದ ಆರಂಭಿಸುವುದು ವ್ಯರ್ಥ. ಈಜಿಪ್ಟಿನ ಪಿರಮಿಡ್ಡಿನ ಬಗ್ಗೆ ಒಂದು ಪುಟವು ಹೇಳಿದ್ದು ಸರಿಯೋ ತಪ್ಪೋ ಎಂದು ತರೀಕೆರೆಯ ಮಗು ಹೇಗೆ ತಾನೆ ನಿರ್ಣಯಿಸೀತು? ಆದರೆ ಅಮೃತಾಪುರದ ಬಗ್ಗೆ ಹೇಳಿದ್ದನ್ನು ನಿರ್ಣಯಿಸಬಲ್ಲದು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ಆ ದೇವಾಲಯದ ಮಂಟಪದ ದಕ್ಷಿಣದ ಗೋಡೆಯಲ್ಲಿ ರಾಮಾಯಣದ ಎಪ್ಪತ್ತು ಫಲಕಗಳಿವೆಯೆಂದೂ, ಆ ಕತೆ ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣೆಯಾಗಿ ಸಾಗುತ್ತದೆಂದೂ, ಉತ್ತರದ ಗೋಡೆಯಲ್ಲಿ ಕೃಷ್ಣನ ಕತೆಗೆ ಇಪ್ಪತ್ತೈದು, ಮಹಾಭಾರತಕ್ಕೆ ನಲವತ್ತೈದು ಫಲಕಗಳೆಂದೂ ವಿಕಿಪೀಡಿಯದಲ್ಲಿ ಬರೆದಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಎಣಿಸಲಿ! ಒಂದು ಗುಂಪು ದಕ್ಷಿಣಕ್ಕೆ, ಒಂದು ಗುಂಪು ಉತ್ತರಕ್ಕೆ. ಎಣಿಕೆ ತಾಳೆಯಾದರೆ ಆ ಪುಟವನ್ನು ಬರೆದವರು ಕಂಡವರೆಂದೋ, ಕಂಡವರನ್ನು ಓದಿದವರೆಂದೋ ತಿಳಿಯುತ್ತದೆ. ತಾಳೆಯಾಗದಿದ್ದರೆ ಮತ್ತೂ ಒಳ್ಳೆಯ ಪಾಠ: ನಾವು ಎಣಿಸಿದ್ದು ತಪ್ಪೋ, ಅವರು ಬರೆದದ್ದು ತಪ್ಪೋ, ಫಲಕವೆಂದರೆ ಯಾವುದೆಂಬ ಲೆಕ್ಕವೇ ಬೇರೆಯೋ? ಒಂದು ಮಧ್ಯಾಹ್ನದಲ್ಲಿ ಮಗುವು ಕಲಿಯುವ ಈ ವಿವೇಕವು ನೂರು ಉಪನ್ಯಾಸಗಳಿಂದ ಬಾರದು.

ಅದೇ ದೇವಾಲಯದಲ್ಲಿ ಕವಿಚಕ್ರವರ್ತಿ ಜನ್ನನು ರಚಿಸಿದ ಪದ್ಯಗಳ ಶಾಸನವಿದೆ. ‘ಯಶೋಧರಚರಿತೆ’ಯ ಕವಿಯ ಮಾತು ಕಲ್ಲಿನಲ್ಲಿ ನಮ್ಮ ಊರ ಪಕ್ಕದಲ್ಲೇ ನಿಂತಿದೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ಆ ಶಾಸನದ ಪಾಠವನ್ನು ಓದಬೇಕೆಂದರೆ ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟಕ್ಕೆ ಹೋಗಬೇಕು. ಆ ಸಂಪುಟದ ಪುಟಗಳು ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಅಂದರೆ ಜಾಲವು ಜೊಳ್ಳಿನ ರಾಶಿ ಮಾತ್ರವಲ್ಲ. ಹಿಂದೆ ದೊಡ್ಡ ಊರಿನ ಗ್ರಂಥಾಲಯಗಳಲ್ಲಿ ಮಾತ್ರ ಸಿಗುತ್ತಿದ್ದ ಆಕರವು ಇಂದು ಅಜ್ಜಂಪುರದ ಹುಡುಗಿಗೂ ನಿಲುಕುತ್ತದೆ. ಕಲ್ಲು, ಕಲ್ಲಿನ ಅಚ್ಚಾದ ಪಾಠ, ಆ ಪಾಠವನ್ನು ಓದಿದ ವಿದ್ವಾಂಸನ ಪುಸ್ತಕ, ಆ ಪುಸ್ತಕವನ್ನು ಓದಿದವನ ಲೇಖನ, ಆ ಲೇಖನವನ್ನು ಕದ್ದವನ ಪುಟ: ಈ ಐದು ಮೆಟ್ಟಿಲುಗಳಲ್ಲಿ ತಾನು ಯಾವುದರ ಮೇಲೆ ನಿಂತಿದ್ದೇನೆಂದು ಮಗುವಿಗೆ ಅರಿವಾದರೆ ಸಾಕು. ಕಲ್ಲೂ ಸುಳ್ಳು ಹೇಳಲಾರದೆಂದಲ್ಲ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಅವರು ವಾದಿಸಿದ್ದನ್ನು ನಾವು ಮರೆಯಲಾಗದು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಗಾದೆ ಹೇಳುವುದು ಸುಮ್ಮನೆ ಅಲ್ಲ.

ರೈಸ್ ಅವರ ಆ ಸಂಪುಟದ ಹೆಸರಿನಲ್ಲೇ ಮತ್ತೊಂದು ಪಾಠವಿದೆ. ಅದು ‘ಕಡೂರು ಜಿಲ್ಲೆ’ಯ ಶಾಸನಗಳ ಸಂಪುಟ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸ್ವಾತಂತ್ರ್ಯದ ಕಾಲದವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಇದನ್ನು ತಿಳಿಯದ ಮಗುವು ಶೃಂಗೇರಿ ಕಡೂರಿನಲ್ಲಿದೆಯೆಂದು ಬರೆದರೆ ಆಶ್ಚರ್ಯವಿಲ್ಲ. ಹಾಗೆಯೇ ಅಜ್ಜಂಪುರವು ತರೀಕೆರೆ ತಾಲ್ಲೂಕಿನ ಹೋಬಳಿಯೆಂದು ಹೇಳುವ ಪುಟಗಳು ಇನ್ನೂ ಇವೆ. ಈಚಿನ ವರ್ಷಗಳಲ್ಲಿ ಅದು ತಾನೇ ಒಂದು ತಾಲ್ಲೂಕಾಯಿತು. ಇವು ಸುಳ್ಳುಗಳಲ್ಲ, ಅಂದಿನ ಸತ್ಯಗಳು. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರೆಷ್ಟು ಎಂದು ಹುಡುಕಿದರೆ ಗರಿಷ್ಠ ಮಟ್ಟ ೧೮೬ ಅಡಿಯೆಂಬುದು ಯಾವ ವರ್ಷದ ಪುಟದಲ್ಲೂ ಸರಿಯಾಗಿಯೇ ಇರುತ್ತದೆ. ಇಂದಿನ ಮಟ್ಟ ಮಾತ್ರ ಇಂದಿನ ಪುಟದಲ್ಲಿಯೇ ಸಿಗಬೇಕು. ‘ಯಾರು ಬರೆದರು’ ಎಂಬುದರ ಬೆನ್ನಿಗೇ ‘ಯಾವಾಗ ಬರೆದರು’ ಎಂದು ಕೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಹೆಸರುಗಳ ಗೊಂದಲ ಇನ್ನೊಂದು ಬಗೆಯದು. ‘ನಾನು ಕೊಂದ ಹುಡುಗಿ’ಯ ಕತೆಗಾರ ‘ಆನಂದ’ರು ಅಜ್ಜಂಪುರ ಸೀತಾರಾಮ್, ‘ಆನಂದಕಂದ’ರು ಬೆಟಗೇರಿ ಕೃಷ್ಣಶರ್ಮರು. ಹೆಸರಿನ ಅರ್ಧ ಮಾತ್ರ ನೋಡುವ ಯಂತ್ರವೂ, ಅದಕ್ಕಿಂತ ಆತುರದ ವಿದ್ಯಾರ್ಥಿಯೂ ಕೂಡಿದರೆ ಒಬ್ಬರ ಭಾವಚಿತ್ರದ ಕೆಳಗೆ ಇನ್ನೊಬ್ಬರ ಕೃತಿಪಟ್ಟಿ ಬರುವುದಕ್ಕೆ ತಡವಿಲ್ಲ. ಅಜ್ಜಂಪುರದ ಮಗುವಿಗಾದರೂ ಈ ಭೇದ ತಿಳಿದಿರಬೇಡವೇ?

ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರವಿರುತ್ತದೆಂಬ ಭ್ರಮೆಯನ್ನೂ ಬಿಡಿಸಬೇಕು. ‘ಜೈಮಿನಿ ಭಾರತ’ದ ಲಕ್ಷ್ಮೀಶನು ತನ್ನ ಊರನ್ನು ದೇವಪುರವೆಂದು ಕರೆದಿದ್ದಾನೆ. ಅದು ಕಡೂರು ತಾಲ್ಲೂಕಿನ ದೇವನೂರೇ ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಅದಕ್ಕೆ ಆಧಾರಗಳನ್ನೂ ಕೊಡುತ್ತೇವೆ. ಸುರಪುರದ ಸೀಮೆಯೇ ಕವಿಯ ನಾಡೆಂದು ವಾದಿಸಿದವರೂ ಉಂಟು. ಅವನ ಕಾಲದ ವಿಷಯದಲ್ಲಿಯೂ ಒಮ್ಮತವಿಲ್ಲ. ಹದಿನಾರನೆಯ ಶತಮಾನವೆನ್ನುವವರಿದ್ದಾರೆ, ಇನ್ನೂ ಈಚೆಗೆ ತರುವವರಿದ್ದಾರೆ. ಇಂಥ ಕಡೆ ಒಂದೇ ಉಸಿರಿಗೆ ಊರನ್ನೂ ಇಸವಿಯನ್ನೂ ಹೇಳಿಬಿಡುವ ಪುಟಕ್ಕಿಂತ, ‘ಹೀಗೆಂದು ಕೆಲವರ ಮತ, ಹಾಗೆಂದು ಕೆಲವರ ಮತ, ಆಧಾರಗಳು ಇಂಥವು’ ಎಂದು ಹೇಳುವ ಪುಟವು ಹೆಚ್ಚು ನಂಬಲರ್ಹ. ನಮ್ಮೂರಿನ ಅಭಿಮಾನವು ನಮ್ಮ ಪ್ರಮಾಣವಾಗಲಾರದೆಂದು ದೇವನೂರಿನ ಮಗುವಿಗೇ ಹೇಳುವ ಧೈರ್ಯ ನಮಗಿರಬೇಕು.

ಮದಗದ ಕೆರೆಯ ಜನಪದ ಹಾಡನ್ನು ಕೇಳದ ಕನ್ನಡಿಗರು ಕಡಮೆ. ಕಡೂರು ಸೀಮೆಯ ನಮಗೆ ಅದು ಮನೆಯ ಹಾಡು. ಅದರಲ್ಲಿ ಬಲ್ಲಾಳರಾಯನಿದ್ದಾನೆ, ಸಾವಿರಾರು ಒಡ್ಡರಿದ್ದಾರೆ, ಸಾವಿರಾರು ಗುದ್ದಲಿಗಳಿವೆ. ಕೆರೆಯ ಏರಿಗೆ ಎಷ್ಟು ಆಳು ಹಿಡಿಯಿತೆಂಬ ಲೆಕ್ಕಕ್ಕೆ ಆ ಹಾಡು ಆಕರವಲ್ಲ. ಆದರೆ ಕೆರೆ ಒಡೆದೀತೆಂಬ ಭಯ ಒಂದು ಸೀಮೆಯ ಜನರ ಎದೆಯಲ್ಲಿ ಹೇಗಿತ್ತೆಂಬುದಕ್ಕೆ ಅದಕ್ಕಿಂತ ಉತ್ತಮವಾದ ಆಕರವಿಲ್ಲ. ಆಕರವು ನಂಬಲರ್ಹವೇ ಎಂದು ಕೇಳುವುದರ ಜೊತೆಗೆ ‘ಯಾವ ಪ್ರಶ್ನೆಗೆ?’ ಎಂದೂ ಕೇಳಬೇಕು. ಅಜ್ಜಿಯ ಮಾತನ್ನು ಸುಳ್ಳೆಂದು ತಳ್ಳುವುದು ವಿವೇಕವಲ್ಲ. ಅದರ ಸ್ಥಾನವನ್ನು ಅರಿಯುವುದು ವಿವೇಕ.

ಇವೆಲ್ಲ ಪಂಡಿತರ ಚರ್ಚೆ, ಮಕ್ಕಳಿಗೇಕೆ ಎಂದು ಕೇಳುವವರು ಇದ್ದಾರು. ಅವರು ೨೦೧೮ರ ಜುಲೈ ತಿಂಗಳನ್ನು ನೆನೆಯಬೇಕು. ಆ ತಿಂಗಳು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರವೂರವರನ್ನು ಮಕ್ಕಳ ಕಳ್ಳರೆಂದು ಶಂಕಿಸಿ, ವಾಟ್ಸ್‌ಆ್ಯಪಿನಲ್ಲಿ ಹರಿದ ವದಂತಿಯನ್ನು ನಂಬಿದ ಗುಂಪು ಅವರ ಮೇಲೆರಗಿತು. ಹೈದರಾಬಾದಿನ ತರುಣನೊಬ್ಬ ಪ್ರಾಣ ಕಳೆದುಕೊಂಡ. ‘ಇದನ್ನು ಯಾರು ಹೇಳಿದರು? ಅವರು ಕಂಡರೇ?’ ಎಂದು ಕೇಳುವ ಅಭ್ಯಾಸವು ಆ ಗುಂಪಿನಲ್ಲಿ ನಾಲ್ಕು ಜನಕ್ಕಿದ್ದರೂ ಒಂದು ಜೀವ ಉಳಿಯುತ್ತಿತ್ತೋ ಏನೋ. ಶಾಲೆಯ ಪ್ರಾಜೆಕ್ಟಿನಲ್ಲಿ ಕೇಳದ ಪ್ರಶ್ನೆಯನ್ನು ಬೀದಿಯಲ್ಲಿ ಉದ್ರೇಕದ ನಡುವೆ ಯಾರೂ ಕೇಳಲಾರರು.

ಇದು ನಮ್ಮೊಬ್ಬರ ರೋಗವೂ ಅಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಕೊಟ್ಟು ಹಾಕಿಸಿದ ಬರಹವೆಂದು ಗುರುತು ಹಾಕಿದ್ದರೂ ಅದನ್ನು ನಿಜವಾದ ಸುದ್ದಿಯೆಂದೇ ತಿಳಿದ ಮಾಧ್ಯಮಿಕ ಶಾಲೆಯ ಮಕ್ಕಳು ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದ್ದರು. ಅದೇ ವಿದ್ವಾಂಸರು ೨೦೧೭ರಲ್ಲಿ ಮತ್ತೊಂದು ಸಂಗತಿಯನ್ನು ತೋರಿಸಿದರು. ಇತಿಹಾಸದ ಪ್ರಾಧ್ಯಾಪಕರೂ ಕಾಲೇಜು ವಿದ್ಯಾರ್ಥಿಗಳೂ ಒಂದು ಜಾಲಪುಟದೊಳಗೇ ಕುಳಿತು ಅದರ ಅಂದಚಂದ ನೋಡಿ ಮೋಸಹೋದೆಡೆ, ಸುದ್ದಿಯ ಸತ್ಯಾಸತ್ಯವನ್ನು ಪರಿಶೀಲಿಸುವ ವೃತ್ತಿಯವರು ಕೂಡಲೇ ಆ ಪುಟದಿಂದ ಹೊರಬಂದು, ಇತರರು ಅದರ ಬಗ್ಗೆ ಏನು ಹೇಳುತ್ತಾರೆಂದು ವಿಚಾರಿಸಿದರು. ನಮಗೆ ಇದು ಹೊಸದೇ? ಹೆಣ್ಣು ಕೊಡುವ ಮುನ್ನ ಗಂಡಿನ ಗುಣವನ್ನು ಗಂಡಿನ ಮನೆಯವರನ್ನೇ ಕೇಳಿ ಯಾರೂ ತೃಪ್ತರಾಗುವುದಿಲ್ಲ, ನೆರೆಹೊರೆಯಲ್ಲಿ ವಿಚಾರಿಸುತ್ತೇವೆ. ಜಾಲಪುಟವನ್ನೂ ಹಾಗೆಯೇ ನೆರೆಹೊರೆಯಲ್ಲಿ ವಿಚಾರಿಸಬೇಕು. ನೆರೆಯ ಕೇರಳದಲ್ಲಿ ಕಣ್ಣೂರು ಜಿಲ್ಲೆಯ ಸರ್ಕಾರಿ ಶಾಲೆಗಳು ೨೦೧೮ರ ಸುಮಾರಿಗೇ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠವನ್ನು ಆರಂಭಿಸಿದವು. ೨೦೨೪ರಲ್ಲಿ ಐದು ಮತ್ತು ಏಳನೆಯ ತರಗತಿಗಳ ಪಠ್ಯದಲ್ಲಿಯೇ ಆ ವಿಷಯ ಸೇರಿತು. ಅಲ್ಲಿ ಆದದ್ದು ಇಲ್ಲಿ ಆಗಬಾರದೆಂಬ ನಿಯಮವೇನೂ ಇಲ್ಲ.

ನಮ್ಮಲ್ಲಿ ಸಾಧನಗಳಿಲ್ಲವೆಂದು ಹೇಳುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ ೧೯೬೯ರಲ್ಲಿ ಬಂದಿತು. ೨೦೧೪ರಲ್ಲಿ ವಿಶ್ವವಿದ್ಯಾನಿಲಯವು ಅದನ್ನು ಮುಕ್ತ ಪರವಾನಗಿಯಲ್ಲಿ ನಾಡಿಗೆ ಬಿಟ್ಟುಕೊಟ್ಟಿತು. ಕರ್ನಾಟಕ ಜ್ಞಾನ ಆಯೋಗದ ಆಶ್ರಯದಲ್ಲಿ ‘ಕಣಜ’ ರೂಪುಗೊಂಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ ೨೦೧೬ರಲ್ಲಿ ‘ಭಾರತವಾಣಿ’ ಬಂದಿತು. ಇವುಗಳಲ್ಲಿ ಲೇಖನಕ್ಕೆ ಹೊಣೆಗಾರರಾದ ಸಂಸ್ಥೆಯೊಂದಿದೆ ಎಂಬುದೇ ದೊಡ್ಡ ಮಾತು. ಆದರೆ ಇವುಗಳಲ್ಲಿಯೂ ಜನಸಂಖ್ಯೆ, ತಾಲ್ಲೂಕುಗಳಂಥ ಮಾತು ಬಂದಾಗ ವರ್ಷವನ್ನು ನೋಡಿಕೊಳ್ಳಬೇಕು. ವಿಕಿಪೀಡಿಯವನ್ನು ಮುಟ್ಟಬೇಡಿರೆಂದು ಗದರಿಸುವುದಕ್ಕಿಂತ ಅದರ ಪುಟದ ಕೆಳತುದಿಯಲ್ಲಿರುವ ಅಡಿಟಿಪ್ಪಣಿಗಳನ್ನು ಹಿಡಿದು ಮೂಲಕ್ಕೆ ಹೋಗುವುದನ್ನು ಕಲಿಸುವುದು ಮೇಲು. ಟಿಪ್ಪಣಿಯೇ ಇಲ್ಲದ ವಾಕ್ಯಕ್ಕೆ ಹೊಣೆಗಾರರಿಲ್ಲವೆಂದು ಮಗುವು ತಿಳಿಯಲಿ. ೨೦೨೨ರ ಕೊನೆಯಿಂದೀಚೆಗೆ ಪ್ರಶ್ನೆ ಕೇಳಿದರೆ ತಾನೇ ಪ್ರಬಂಧ ಬರೆದುಕೊಡುವ ಯಂತ್ರಗಳೂ ಬಂದಿವೆ. ಅವುಗಳ ಕನ್ನಡ ನಯವಾಗಿರುತ್ತದೆ, ದನಿ ವಿಶ್ವಾಸದಿಂದ ಕೂಡಿರುತ್ತದೆ. ಇಲ್ಲದ ಪುಸ್ತಕದ ಹೆಸರನ್ನೂ ಅದೇ ದನಿಯಲ್ಲಿ ಹೇಳಬಲ್ಲವು. ‘ನೀನು ಕಂಡೆಯಾ?’ ಎಂಬ ಹಳೆಯ ಪ್ರಶ್ನೆ ಈ ಹೊಸ ಯಂತ್ರಕ್ಕೆ ಇನ್ನಷ್ಟು ಸಲ್ಲುತ್ತದೆ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಪ್ರಾಜೆಕ್ಟಿನ ಹತ್ತು ಅಂಕಗಳಲ್ಲಿ ನಾಲ್ಕನ್ನು ಅಕ್ಷರಕ್ಕೂ ಚಿತ್ರಕ್ಕೂ ಕೊಡದೆ ಆಕರಕ್ಕೆ ಕೊಡಿರಿ. ಕೊನೆಯ ಪುಟದಲ್ಲಿ ಮಗುವು ನಾಲ್ಕು ಸಾಲು ಬರೆಯಲಿ: ಇದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ತಿಳಿಯಿತು, ಮತ್ತೆ ಯಾರನ್ನು ವಿಚಾರಿಸಿದೆ. ಇಡೀ ಜಿಲ್ಲೆಯ ಐತಿಹಾಸಿಕ ಸ್ಥಳಗಳ ಬದಲು ಒಂದೇ ಕಲ್ಲನ್ನೋ, ಒಂದೇ ಕೆರೆಯನ್ನೋ, ತನ್ನ ಊರಿನ ಹೆಸರನ್ನೋ ವಿಷಯವಾಗಿ ಕೊಡಿರಿ. ಅಂಗಡಿಯಲ್ಲಿ ಅಚ್ಚುಹಾಕಿಸಿ ತರಲಾಗದಷ್ಟು ಸಣ್ಣದಾಗಿರಲಿ. ಮಗು ಕೇಳಿದ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ‘ನನಗೂ ತಿಳಿಯದು, ಹುಡುಕೋಣ ಬಾ’ ಎನ್ನಿರಿ. ಹುಡುಕುವ ಗುರುವನ್ನು ಕಂಡ ಮಗು ಹುಡುಕುವುದನ್ನು ಕಲಿಯುತ್ತದೆ.

ಹೀಗೆ ಮಾಡಿದರೆ ಮಕ್ಕಳು ಯಾರನ್ನೂ ನಂಬದ ಸಂಶಯಾತ್ಮರಾದಾರೆಂದು ಅಂಜುವವರಿಗೆ ಒಂದು ಮಾತು. ಎಲ್ಲವನ್ನೂ ನಂಬುವವನೂ, ಯಾವುದನ್ನೂ ನಂಬದವನೂ ಸೋಮಾರಿಗಳೇ. ಇಬ್ಬರೂ ವಿಚಾರಿಸುವ ಶ್ರಮದಿಂದ ತಪ್ಪಿಸಿಕೊಂಡವರು. ನಾವು ಕಲಿಸಬೇಕೆಂದಿರುವುದು ಸಂಶಯವನ್ನಲ್ಲ, ನಂಬಿಕೆಯನ್ನು; ಕಣ್ಣು ತೆರೆದ ನಂಬಿಕೆಯನ್ನು. ಹುಡುಕಾಟದ ಕೊನೆಗೆ ಮಗುವಿಗೆ ಒಬ್ಬ ಆಪ್ತನು ಸಿಗಬೇಕು, ಅವನ ಮಾತನ್ನು ಅದು ನಿರ್ಭಯವಾಗಿ ನೆಚ್ಚಬೇಕು. ಆ ಆಪ್ತನು ಎಂಟುನೂರು ವರ್ಷಗಳ ಹಿಂದಿನ ಕಲ್ಲಿರಬಹುದು, ಮನೆಯ ಜಗಲಿಯ ಮೇಲೆ ಕುಳಿತ ಅಜ್ಜಿಯಿರಬಹುದು, ಪರದೇಶದ ಜಾಲತಾಣವಿರಬಹುದು. ಅವರನ್ನು ಗುರುತಿಸುವ ಕಣ್ಣು ಹನ್ನೆರಡರ ವಯಸ್ಸಿನಲ್ಲಿ ತೆರೆದರೆ ಬಾಳೆಲ್ಲ ಬೆಳಕು ಕೊಡುತ್ತದೆ. ಆ ಕಣ್ಣನ್ನು ತೆರೆಸುವ ಹೊಣೆ ನಮ್ಮ ಶಾಲೆಗಳದ್ದು. ಬರುವ ಜೂನಿನಲ್ಲಿ ಶಾಲೆಯ ಬಾಗಿಲು ತೆರೆದಾಗ ಮೊದಲನೆಯ ಪ್ರಾಜೆಕ್ಟಿನಿಂದಲೇ ಅದು ಆರಂಭವಾಗಲಿ.